ನಾಲ್ಕು ಸಲ ವಾಪಸ್ ಬಂದ 14 ಕೆಜಿ ಚಿಲ್ಲರೆ

ಇವರಿಗೆ,
ಶಾಖಾ ವ್ಯವಸ್ಥಾಪಕರು,
ಮಂಡ್ಯ ಶಾಖೆ

ಪ್ರತಿ: ಬ್ಯಾಂಕಿನ ಪ್ರಾದೇಶಿಕ ಕಚೇರಿಗೆ

ವಿಷಯ: ಖಾತೆಗೆ ಕಟ್ಟಲು ತಂದ ನಾಣ್ಯಗಳನ್ನು ನಾಲ್ಕು ಸಲ ತೆಗೆದುಕೊಳ್ಳದೆ ಕಳಿಸಿದ ಬಗ್ಗೆ.

ಮಾನ್ಯರೇ,

ನಮಸ್ಕಾರ. ಗುತ್ತಲು ಕಡೆ ನನ್ನದೊಂದು ಸಣ್ಣ ಹಿಟ್ಟಿನ ಮಿಲ್ಲು ಇದೆ. ನಿಮ್ಮ ಶಾಖೆಯಲ್ಲಿ 16 ವರ್ಷದಿಂದ ಖಾತೆ ಇಟ್ಟಿದ್ದೇನೆ. ಮಿಲ್ಲಿನ ಮೋಟಾರಿಗೆ ಸಾಲ ಕೊಟ್ಟಿದ್ದು ನೀವೇ. ಒಂದು ಕಂತೂ ತಪ್ಪದೆ ಅದನ್ನು ತೀರಿಸಿದ್ದೂ ಆಯಿತು. ಜಂಬಕ್ಕೆ ಹೇಳುತ್ತಿಲ್ಲ. ನಿಮ್ಮ ಕೌಂಟರಿನಲ್ಲಿ ನನ್ನನ್ನು ಮಾತಾಡಿಸಿದ ರೀತಿ ನೋಡಿದರೆ ನಾನು ಯಾರು ಅಂತ ಮೊದಲು ಹೇಳಬೇಕು ಅನ್ನಿಸಿತು, ಅಷ್ಟೇ.

ನನ್ನ ಹತ್ತಿರ ಇಷ್ಟೊಂದು ನಾಣ್ಯ ಎಲ್ಲಿಂದ ಬಂತು ಎಂದು ನಿಮ್ಮ ಕ್ಯಾಶಿಯರ್ ಮೇಡಂ ಕೇಳಿದರು. ಏನೋ ದೇವಸ್ಥಾನದ ಹುಂಡಿ ಒಡೆದವನನ್ನು ಕೇಳುವ ಹಾಗಿತ್ತು. ಹೇಳುತ್ತೇನೆ. ರಾಗಿ ಬೀಸುವುದಕ್ಕೆ ನಾನು ಕೆಜಿಗೆ 6 ರೂಪಾಯಿ ತೆಗೆದುಕೊಳ್ಳುತ್ತೇನೆ. ನಾಲ್ಕು ಕೆಜಿ ತಂದರೆ 24 ರೂಪಾಯಿ. ಮೊದಲೆಲ್ಲ ಜನ 50ರ ನೋಟು ಕೊಡುತ್ತಿದ್ದರು, ನಾನು ಚಿಲ್ಲರೆ ಕೊಡುತ್ತಿದ್ದೆ. ಸಂಜೆ ಹೊತ್ತಿಗೆ ತರಕಾರಿ ಗಾಡಿಯವಳು 500ರ ನೋಟು ಹಿಡಿದು, ‘ಅಣ್ಣ, ಚಿಲ್ಲರೆ ಇದ್ರೆ ಕೊಡಣ್ಣ’ ಎಂದು ಬರುತ್ತಿದ್ದಳು. ಬಂದ ನಾಣ್ಯ ಬಂದ ಹಾಗೇ ಹೋಗುತ್ತಿತ್ತು. ಈಗ ನೋಟು ಕೊಡುತ್ತಿದ್ದವರೆಲ್ಲ ಫೋನ್ ತೆಗೆದು ಸರಿಯಾಗಿ 24 ರೂಪಾಯಿ ಸ್ಕ್ಯಾನ್ ಮಾಡುತ್ತಾರೆ. ತರಕಾರಿಯವಳ ಗಾಡಿಗೂ ಕ್ಯೂಆರ್ ಬೋರ್ಡ್ ಬಂದಿದೆ. ಉಳಿದವರು ಅಜ್ಜಿಯಂದಿರು. ಅವರು ಎಲೆ ಅಡಿಕೆ ಸಂಚಿ ಬಿಚ್ಚಿ ಒಂದೊಂದೇ ಎಣಿಸಿ ಕೊಡುತ್ತಾರೆ. ಅವರಿಗೆ ಬೇಡ ಅನ್ನಲು ನನಗೆ ಬಾಯಿ ಬರುವುದಿಲ್ಲ. ಹಾಗಾಗಿ ನಾಣ್ಯ ಬರುವುದು ನಿಂತಿಲ್ಲ, ಹೋಗುವುದು ನಿಂತಿದೆ. ಎರಡು ವರ್ಷದಲ್ಲಿ ಎರಡು ಎಣ್ಣೆ ಡಬ್ಬ ತುಂಬಿತು.

10 ರೂಪಾಯಿ ನಾಣ್ಯದ ಕಥೆ ಇನ್ನೂ ಒಂದು ಕೈ ಮೇಲೆ. ನಮ್ಮ ಕಡೆ ಅದನ್ನು ಅಂಗಡಿಯವರಿಗೆ ಕೊಡಲು ಹೋದರೆ ‘ನಡೆಯಲ್ಲ’ ಎಂದು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಒಬ್ಬರು ಅದರ ಮೇಲಿನ ಗೆರೆ ಎಣಿಸುತ್ತಾರೆ. ಇನ್ನೊಬ್ಬರು ರೂಪಾಯಿ ಚಿಹ್ನೆ ಇದ್ದರೆ ಮಾತ್ರ ಅಸಲಿ ಅನ್ನುತ್ತಾರೆ. ಯಾರೋ ವಾಟ್ಸಾಪಿನಲ್ಲಿ ಬಿಟ್ಟ ಮಾತು. 14 ಬಗೆಯ ವಿನ್ಯಾಸ ಬಂದಿವೆ, ಚಿಹ್ನೆ ಇದ್ದರೂ ಇಲ್ಲದಿದ್ದರೂ ಎಲ್ಲವೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಪ್ರಕಟಣೆ ಕೊಟ್ಟಿದೆ. 14440ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಫೋನ್ ಮಾಡಿ ಇದನ್ನೇ ತಿಳಿಸುವ ವ್ಯವಸ್ಥೆಯನ್ನೂ ಆಗ ಮಾಡಿತ್ತು. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಹೋಗಲಿ ಬಿಡಿ. ಬ್ಯಾಂಕಿನವರಿಗೂ ಗೊತ್ತಿರಬಾರದಾ?

ಈಗ ನಾಲ್ಕು ಸಲದ ವಿಷಯಕ್ಕೆ ಬರುತ್ತೇನೆ.

ಮೊದಲ ಸಲ ತಪ್ಪು ನನ್ನದೇ. ಎರಡೂ ಡಬ್ಬವನ್ನು ರಾಗಿ ಚೀಲಕ್ಕೆ ಸುರಿದು, ಟಿವಿಎಸ್ ಮೊಪೆಡ್ಡಿನ ಮುಂದೆ ಇಟ್ಟುಕೊಂಡು ಸೀದಾ ಬಂದೆ. ಕ್ಯಾಶಿಯರ್ ಮೇಡಂ, ‘ಅಂಕಲ್, ಹೀಗೆ ತಂದ್ರೆ ಆಗಲ್ಲ, ಬೇರೆ ಬೇರೆ ಮಾಡಿ ನೂರು ನೂರರ ಪ್ಯಾಕೆಟ್ ಮಾಡ್ಕೊಂಡು ಬನ್ನಿ’ ಎಂದರು. ಸರಿಯಾದ ಮಾತು. ಹಿಂದೆ ಹದಿನೈದು ಜನ ನಿಂತಿದ್ದರು. ಅಂಥ ಹೊತ್ತಲ್ಲಿ ಚೀಲ ಬಿಚ್ಚಿ ಎಣಿಸಿ ಎಂದರೆ ಯಾರಿಗಾದರೂ ಸಿಟ್ಟು ಬರುತ್ತದೆ.

ಮನೆಗೆ ಬಂದು ಎರಡು ರಾತ್ರಿ ಕೂತು ಎಣಿಸಿದೆವು. ನಾನು, ನನ್ನ ಹೆಂಡತಿ, ಮೊಮ್ಮಗಳು. ಅಳಗುಳಿ ಮಣೆ ಆಡುವವರ ಹಾಗೆ ನೆಲದ ಮೇಲೆ ಗುಡ್ಡೆ ಗುಡ್ಡೆ ಹಾಕಿಕೊಂಡು ಕೂತಿದ್ದೆವು. 1 ರೂಪಾಯಿಯ 6 ಪ್ಯಾಕೆಟ್, 2 ರೂಪಾಯಿಯ 8, 5 ರೂಪಾಯಿಯ 7, 10 ರೂಪಾಯಿಯ 4. ಒಟ್ಟು 25 ಪ್ಯಾಕೆಟ್, 9,700 ರೂಪಾಯಿ.

ಇಲ್ಲಿ ಸ್ವಲ್ಪ ನನ್ನ ಕಸುಬಿನ ಮಾತು. ದಿನವಿಡೀ ತಕ್ಕಡಿ ಮುಂದೆ ನಿಲ್ಲುವವನು ನಾನು. ಪ್ರತಿ ಪ್ಯಾಕೆಟ್ಟನ್ನೂ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿದೆ. 10ರ ನಾಣ್ಯದ ನಾಲ್ಕೂ ಪ್ಯಾಕೆಟ್ 770 ಗ್ರಾಂ ಆಸುಪಾಸಿಗೆ ಬಂದವು, ಏನೂ ತಕರಾರಿಲ್ಲ. 5ರದ್ದು ಮಾತ್ರ ಒಂದಕ್ಕೊಂದು ತಾಳೆಯಾಗಲಿಲ್ಲ. ಆಮೇಲೆ ಹೊಳೆಯಿತು. ಹಳೆಯ ದಪ್ಪ ನಾಣ್ಯ ಒಂದೊಂದೂ 9 ಗ್ರಾಂ ತೂಗುತ್ತದೆ. ಈಚಿನ ತೆಳು ನಾಣ್ಯ ಹೆಚ್ಚಿನವು 6 ಗ್ರಾಂ ಸುತ್ತಮುತ್ತ. ಎರಡನ್ನೂ ಬೆರೆಸಿ ತೂಗಿದರೆ ಲೆಕ್ಕ ಸಿಗುವುದಿಲ್ಲ. ಮತ್ತೆ ಬಿಚ್ಚಿ ದಪ್ಪದ್ದು ಎರಡು ಪ್ಯಾಕೆಟ್, ತೆಳುವಿನದು ಐದು ಎಂದು ಬೇರೆ ಮಾಡಿದೆ. 1 ರೂಪಾಯಿಯಲ್ಲೂ ಹಳೆಯದು ದೊಡ್ಡದು, ಹೊಸದು ಚಿಕ್ಕದು. ಹಾಗಾಗಿ ಅದನ್ನು ಎರಡೆರಡು ಸಲ ಎಣಿಸಿದೆವು. ಪ್ರತಿ ಪ್ಯಾಕೆಟ್ ಮೇಲೂ ಸಂಖ್ಯೆ, ತೂಕ ಬರೆದು ಚೀಟಿ ಅಂಟಿಸಿದೆ. ಎಲ್ಲ ಸೇರಿ 14 ಕೆಜಿ ಚಿಲ್ಲರೆ. ಎರಡೂ ಅರ್ಥದಲ್ಲಿ!

ಎರಡನೇ ಸಲ ಹೋದಾಗ, ‘ಇವತ್ತು ರಶ್ ಇದೆ, 20ನೇ ತಾರೀಕು ಆದ್ಮೇಲೆ ಬನ್ನಿ’ ಎಂದರು. ಸರಿ ಎಂದೆ.

ಮೂರನೇ ಸಲ 22ಕ್ಕೆ ಹೋದೆ. ಕೌಂಟರಿನ ಮುಂದೆ ಇಬ್ಬರೇ ಇದ್ದರು. ಆಗ ಒಳಗಿನಿಂದ ಒಬ್ಬ ಅಧಿಕಾರಿ ಬಂದು, ‘ನಾಣ್ಯ 1,000 ರೂಪಾಯಿಗಿಂತ ಜಾಸ್ತಿ ತಗೊಳ್ಳೋ ಹಾಗಿಲ್ಲ, ಕಾನೂನೇ ಇದೆ’ ಎಂದರು. ಕಾನೂನು ಅಂದ ಮೇಲೆ ಹೆದರಿ ವಾಪಸ್ ಬಂದೆ. ಮಗನ ಕೈಯಲ್ಲಿ ಹುಡುಕಿಸಿ ಓದಿಸಿದೆ. ಕಾನೂನು ಇರುವುದು ನಿಜ. ನಾಣ್ಯಗಳ ಬಗ್ಗೆ 2011ರಲ್ಲಿ ಬಂದ ಕಾಯ್ದೆಯ 6ನೇ ಸೆಕ್ಷನ್ ಅದು. 1 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ನಾಣ್ಯಗಳಲ್ಲಿ ಹಣ ಕೊಟ್ಟರೆ 1,000 ರೂಪಾಯಿವರೆಗೆ ಬೇಡ ಅನ್ನುವಂತಿಲ್ಲ, ಅದರ ಮೇಲೆ ತೆಗೆದುಕೊಳ್ಳಲೇಬೇಕು ಎಂದು ಒತ್ತಾಯ ಮಾಡುವಂತಿಲ್ಲ. ಅಷ್ಟೇ. ಜಾಸ್ತಿ ತೆಗೆದುಕೊಂಡರೆ ತಪ್ಪು ಎಂದು ಅದರಲ್ಲಿ ಎಲ್ಲೂ ಇಲ್ಲ. ಅದೂ ಅಲ್ಲದೆ ಗ್ರಾಹಕರು ಬ್ಯಾಂಕಿಗೆ ಕಟ್ಟುವ ನಾಣ್ಯಕ್ಕೆ ಮಿತಿ ಇಟ್ಟಿಲ್ಲ, ಬ್ಯಾಂಕುಗಳು ಎಷ್ಟು ಬೇಕಾದರೂ ತೆಗೆದುಕೊಳ್ಳಬಹುದು ಎಂದು ರಿಸರ್ವ್ ಬ್ಯಾಂಕೇ ಹೇಳಿದೆ.

ನಾಲ್ಕನೇ ಸಲ ಇದನ್ನೇ ಹೇಳಿದೆ. ವಾದ ಬೆಳೆಸಲು ನನಗೂ ಇಷ್ಟವಿರಲಿಲ್ಲ. ‘ಆಯ್ತು ಸಾರ್, ನಿಮ್ಮ ಮಾತೇ ಇರಲಿ. ಇವತ್ತು 1,000 ತಗೊಳ್ಳಿ, ದಿನಾ ಒಂದೊಂದು ಸಾವಿರ ತರ್ತೀನಿ’ ಎಂದು 10ರ ಒಂದೇ ಒಂದು ಪ್ಯಾಕೆಟ್ ಮುಂದಿಟ್ಟೆ. ನೂರು ನಾಣ್ಯ, ಸರಿಯಾಗಿ 1,000 ರೂಪಾಯಿ. ಅದೇ ಅಧಿಕಾರಿ ಅದನ್ನು ನೋಡಿ, ‘10ರದ್ದು ಬೇಡ, ಇಲ್ಲಿ ಯಾರೂ ತಗೊಳ್ಳಲ್ಲ’ ಎಂದರು. 5ರ ಎರಡು ಪ್ಯಾಕೆಟ್ ತೆಗೆದಿಟ್ಟೆ. ಅದೂ 1,000 ರೂಪಾಯಿ. ‘ಇಡೋಕೆ ಜಾಗ ಇಲ್ಲ ಯಜಮಾನ್ರೇ. ಹೊರಗಡೆ ಯಾರಾದ್ರೂ ಕಮಿಷನ್‌ಗೆ ತಗೋತಾರೆ, ನೋಡಿ’ ಎಂದರು.

ಸಾರ್, ನನ್ನ ದೂರು ಇರುವುದೇ ಇಲ್ಲಿ. ರಶ್ ಅಂದಿದ್ದನ್ನು ಸಹಿಸಿಕೊಂಡೆ. ಕಾನೂನು ಅಂದಿದ್ದನ್ನೂ ಸಹಿಸಿಕೊಂಡೆ. ಆದರೆ ಬ್ಯಾಂಕಿನ ಕುರ್ಚಿಯಲ್ಲಿ ಕೂತವರೇ ಸರ್ಕಾರದ ನಾಣ್ಯವನ್ನು ಕಮಿಷನ್ನಿಗೆ ಮಾರಿಕೋ ಎಂದು ಹೇಳಬಹುದಾ? ಹೊರಗೆ ವಿಚಾರಿಸಿಯೂ ನೋಡಿದೆ. 100ಕ್ಕೆ 90 ಕೊಡುತ್ತೇನೆ ಎಂದ ಒಬ್ಬ. 9,700ಕ್ಕೆ 970 ರೂಪಾಯಿ ಕೈಬಿಡಬೇಕು. ಕೆಜಿಗೆ 6 ರೂಪಾಯಿಯ ಹಾಗೆ ಅಷ್ಟು ದುಡಿಯಬೇಕಾದರೆ ನಾನು 160 ಕೆಜಿಗಿಂತ ಜಾಸ್ತಿ ರಾಗಿ ಬೀಸಬೇಕು. ಅದರ ಕರೆಂಟು ಬಿಲ್ಲು ಬೇರೆ.

ಜಾಗದ ಮಾತಿಗೂ ರಿಸರ್ವ್ ಬ್ಯಾಂಕಿನ ನಿರ್ದೇಶನದಲ್ಲಿ ಉತ್ತರ ಇದೆ. ಶಾಖೆಯಲ್ಲಿ ಸೇರಿದ ನಾಣ್ಯವನ್ನು ಕರೆನ್ಸಿ ಚೆಸ್ಟಿಗೆ, ಅಂದರೆ ನೋಟು ನಾಣ್ಯ ಕೂಡಿಡುವ ಖಜಾನೆಗೆ, ಕಳಿಸಬಹುದು. 50 ಪೈಸೆಯಿಂದ 20 ರೂಪಾಯಿವರೆಗಿನ ಯಾವ ನಾಣ್ಯವನ್ನೂ, ಯಾವ ಗಾತ್ರ, ಯಾವ ವಿನ್ಯಾಸದ್ದಾಗಲಿ, ಯಾವ ಶಾಖೆಯೂ ಬೇಡ ಅನ್ನಬಾರದು. ಖಾತೆಗೆ ಕಟ್ಟಲು ತಂದರೂ ಅಷ್ಟೇ, ಬದಲಿಗೆ ನೋಟು ಕೇಳಿದರೂ ಅಷ್ಟೇ. 1 ಮತ್ತು 2 ರೂಪಾಯಿ ನಾಣ್ಯಗಳನ್ನು ತೂಕದ ಮೇಲೆ ತೆಗೆದುಕೊಂಡರೆ ಒಳ್ಳೆಯದು, ನೂರು ನೂರರ ಪ್ಲಾಸ್ಟಿಕ್ ಪ್ಯಾಕೆಟ್ ಆದರೆ ಇಬ್ಬರಿಗೂ ಅನುಕೂಲ ಎಂದೂ ಅದೇ ನಿರ್ದೇಶನ ಹೇಳುತ್ತದೆ. ಆ ಖಾಲಿ ಪ್ಯಾಕೆಟ್ಟುಗಳನ್ನು ಕೌಂಟರಿನಲ್ಲೇ ಇಟ್ಟು ಗ್ರಾಹಕರಿಗೆ ಕೊಡಬೇಕಂತೆ, ಬೋರ್ಡೂ ಹಾಕಬೇಕಂತೆ. ನಿಮ್ಮ ಶಾಖೆಯಲ್ಲಿ ಚಿನ್ನದ ಸಾಲದ ಬೋರ್ಡು ಮೂರು ಇವೆ. ಇದರದ್ದು ಒಂದೂ ಕಾಣಲಿಲ್ಲ. ನಾನು ಪ್ಯಾಕೆಟ್ ತಂದಿದ್ದು ಪೇಟೆ ಬೀದಿಯಲ್ಲಿ, ಕಾಸು ಕೊಟ್ಟು.

ಇನ್ನೊಂದು ಮಾತು, ಸುಮ್ನೆ ಹೇಳುತ್ತೇನೆ. ರಿಸರ್ವ್ ಬ್ಯಾಂಕಿನ ನೋಟು ಅಚ್ಚು ಹಾಕುವ ಪ್ರೆಸ್ ಇರುವುದು ನಮ್ಮ ಪಕ್ಕದ ಮೈಸೂರಿನಲ್ಲಿ. 1996ರಿಂದ ಅಲ್ಲಿ ನೋಟು ಅಚ್ಚಾಗುತ್ತಿದೆ. ನೋಟು ಹುಟ್ಟುವ ಜಾಗಕ್ಕೆ 40 ಚಿಲ್ಲರೆ ಕಿಲೋಮೀಟರ್ ದೂರದಲ್ಲಿ ಕೂತು, ನಾಣ್ಯ ಕೊಟ್ಟು ನೋಟು ತೆಗೆದುಕೊಳ್ಳಲು ನಾನು ಒಂದೂವರೆ ತಿಂಗಳಿಂದ ಓಡಾಡುತ್ತಿದ್ದೇನೆ ಎಂದರೆ ಮೊಮ್ಮಗಳೇ ನಗುತ್ತಾಳೆ.

ಕ್ಯಾಶಿಯರ್ ಮೇಡಂ ಮೇಲೆ ನನಗೆ ಬೇಸರವಿಲ್ಲ. ಒಬ್ಬರೇ ಕೂತು ನೋಟು, ಚೆಕ್ಕು, ಪಾಸ್‌ಬುಕ್ಕು ಎಲ್ಲ ನೋಡುತ್ತಾರೆ. ನಾಣ್ಯ ಎಣಿಸುವ ಮಿಷಿನ್ ಅವರಿಗೆ ಕೊಟ್ಟಿಲ್ಲ, ತಕ್ಕಡಿಯನ್ನೂ ಕೊಟ್ಟಿಲ್ಲ. ಸಂಜೆ ಒಂದು ನಾಣ್ಯ ಕಮ್ಮಿ ಬಂದರೆ ಅವರ ಕೈಯಿಂದಲೇ ತುಂಬಬೇಕು ಎಂದು ಕಾವಲಿನವರು ಹೇಳಿದರು. ಅವರ ಹೆದರಿಕೆ ನನಗೆ ಅರ್ಥವಾಗುತ್ತದೆ. ಅದನ್ನು ಸರಿ ಮಾಡಬೇಕಾದವರು ನೀವು. ಬೇಕಾದರೆ ತಕ್ಕಡಿ ನಾನೇ ತರುತ್ತೇನೆ, ಸೀಲ್ ಆಗಿರುವ ತಕ್ಕಡಿ. ಯಾವ ಪ್ಯಾಕೆಟ್ ಬೇಕಾದರೂ ಬಿಚ್ಚಿ ಎಣಿಸಿ ನೋಡಿ, ಒಂದು ನಾಣ್ಯ ಕಮ್ಮಿ ಇದ್ದರೂ ಅಲ್ಲೇ ಕೊಡುತ್ತೇನೆ.

ನಾನು ಕೇಳುವುದು ದೊಡ್ಡದೇನಲ್ಲ. ಈ 25 ಪ್ಯಾಕೆಟ್ ತೆಗೆದುಕೊಂಡು 5,000 ರೂಪಾಯಿಗೆ ನೋಟು ಕೊಡಿ, ಉಳಿದಿದ್ದನ್ನು ಖಾತೆಗೆ ಹಾಕಿ. ಮಿಲ್ಲಿನ ಬೆಲ್ಟು ಬದಲಿಸಬೇಕು, ಆ ಅಂಗಡಿಯವನೂ ನಾಣ್ಯ ಬೇಡ ಅನ್ನುತ್ತಾನೆ. ವಾರದಲ್ಲಿ ಯಾವುದಾದರೂ ಒಂದು ದಿನ ಮಧ್ಯಾಹ್ನ ಒಂದು ಗಂಟೆ ನಾಣ್ಯಕ್ಕೆಂದೇ ಇಟ್ಟರೆ ನನ್ನಂಥ ಸಣ್ಣ ವ್ಯಾಪಾರದವರು ಎಷ್ಟೋ ಜನ ಬರುತ್ತಾರೆ, ರಶ್ ಹೊತ್ತಲ್ಲಿ ನಿಮಗೂ ತೊಂದರೆ ಇಲ್ಲ. ಆಗುವುದಿಲ್ಲ ಎಂದಾದರೆ ಯಾಕೆ ಆಗುವುದಿಲ್ಲ ಅಂತ ಬರೆದು, ಸೀಲು ಹಾಕಿ ಕೊಡಿ. ಬಾಯಿ ಮಾತು ಬೇಡ, ನಾಲ್ಕು ಸಲ ಕೇಳಿ ಆಗಿದೆ.

ಈ ಪತ್ರ ಕೊಟ್ಟ ದಿನದಿಂದ 30 ದಿನ ಕಾಯುತ್ತೇನೆ. ಅಷ್ಟರಲ್ಲಿ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೆ ಶುಲ್ಕವೂ ಇಲ್ಲ ಎಂದು ಮಗ ಹೇಳಿದ್ದಾನೆ. ಅಲ್ಲಿವರೆಗೆ ಹೋಗುವ ಆಸೆ ನನಗಿಲ್ಲ. ಮಿಲ್ಲು ಬಿಟ್ಟು ಬಂದರೆ ಜನ ರಾಗಿ ಚೀಲ ಇಟ್ಟುಕೊಂಡು ಬಾಗಿಲಲ್ಲಿ ಕಾಯುತ್ತಾರೆ. ಬರುವ ಸೋಮವಾರ ಮಧ್ಯಾಹ್ನ ಎರಡೂವರೆಗೆ ಇದೇ ಚೀಲ ತರುತ್ತೇನೆ. ಪ್ಯಾಕೆಟ್ಟುಗಳ ಪಟ್ಟಿಯನ್ನು ಈ ಪತ್ರಕ್ಕೆ ಲಗತ್ತಿಸಿದ್ದೇನೆ. ಪತ್ರದ ನಕಲಿನ ಮೇಲೆ ದಯವಿಟ್ಟು ಸ್ವೀಕೃತಿ ಸೀಲು ಹಾಕಿಸಿಕೊಡಿ.

ಇಂತಿ ನಿಮ್ಮ ಖಾತೆದಾರ,
ಹಿಟ್ಟಿನ ಮಿಲ್ಲಿನ ಮಾಲೀಕ,
ಗುತ್ತಲು, ಮಂಡ್ಯ

ಮರೆತಿದ್ದೆ: 50 ಪೈಸೆಯ 37 ನಾಣ್ಯಗಳೂ ಇವೆ. ಮೇಡಂ ನಕ್ಕರು, ಆದರೆ ಅವೂ ಚಲಾವಣೆಯಲ್ಲಿವೆ. ಕಾಯ್ದೆ ಪ್ರಕಾರ ಅದಕ್ಕೆ 10 ರೂಪಾಯಿ ಮಿತಿ. ಹಾಗಾಗಿ ಸೋಮವಾರ 20 ಮಾತ್ರ ತರುತ್ತೇನೆ, ಉಳಿದ 17 ಇನ್ನೊಂದು ದಿನ.