ಓಟ ಸಾಕು, ಸಾಲು ಬರೆ

ಪ್ರಿಯ ತಮ್ಮಾ,

ಲಿಥುವೇನಿಯಾದ ಕೌನಸ್‌ನಿಂದ ಪಾರಾಗಿ ಶಾಂಘೈ ಸೇರುವ ಯಹೂದಿ ಹುಡುಗನ ಕತೆ, ನಿನ್ನ ಕರಡು, ಓದಿ ಮುಗಿಸಿದೆ. ವಸ್ತು ಗಟ್ಟಿ. ಆದರೆ ಅಧ್ಯಾಯಗಟ್ಟಲೆ ಅವನನ್ನು ಕಾಡಿನಲ್ಲಿ ಓಡಿಸಿದ್ದೀಯ: ಹಿಂದೆ ನಾಯಿ, ಮೇಲೆ ಹುಣ್ಣಿಮೆ. ಇದೆಲ್ಲ ಸಿನಿಮಾದಿಂದ ಬಂದದ್ದು ಮಾರಾಯ. 1939ರಲ್ಲಿ ಪೋಲೆಂಡಿನಿಂದ ಗಡಿ ದಾಟಿ ಲಿಥುವೇನಿಯಾಕ್ಕೆ ಬಂದವರ ಮಾತು ಬೇರೆ. 1940ರ ಬೇಸಿಗೆಯಲ್ಲಿ ಕೌನಸ್‌ನಿಂದ ಹೊರಟವರು ಓಡಲಿಲ್ಲ, ಸಾಲಿನಲ್ಲಿ ನಿಂತರು. ಅವರ ಜೀವ ಮಸಿ, ಮೊಹರುಗಳಲ್ಲಿತ್ತು.

ಆ ಕಾಗದವನ್ನೇ ನೋಡು. ಯಾನ್ ಜ್ವಾರ್ಟೆಂಡೈಕ್ ಫಿಲಿಪ್ಸ್ ಕಂಪನಿಯ ಪ್ರತಿನಿಧಿ, ಜೊತೆಗೆ ನೆದರ್ಲೆಂಡ್ಸ್‌ನ ಕಾನ್ಸಲ್ ಕೆಲಸವನ್ನೂ ಒಪ್ಪಿಕೊಂಡಿದ್ದ. ಕೆರಿಬಿಯನ್ ದ್ವೀಪವಾದ ಡಚ್ ವಸಾಹತು ಕುರಸಾವ್‌ಗೆ ವೀಸಾ ಬೇಕಿಲ್ಲ, ಇಳಿಯಲು ಮಾತ್ರ ಗವರ್ನರ್ ಅಪ್ಪಣೆ ಬೇಕು ಅನ್ನುವುದು ನಿಯಮ. ಆತ ಮೊದಲರ್ಧ ಬರೆದು ಉಳಿದರ್ಧ ನುಂಗಿಬಿಟ್ಟ! ಆ ಅರೆಸತ್ಯವನ್ನೇ ಆಧಾರ ಮಾಡಿಕೊಂಡು ಜಪಾನಿನ ಕಾನ್ಸಲ್ ಚಿಯುನೆ ಸುಗಿಹರ, ಟೋಕಿಯೊ ಬೇಡವೆಂದರೂ, 2,100ಕ್ಕೂ ಹೆಚ್ಚು ಮಂದಿಗೆ ತನ್ನ ದೇಶದ ಮೂಲಕ ಹಾದುಹೋಗಲು ವೀಸಾ ಕೊಟ್ಟ. ಲಿಥುವೇನಿಯಾ ಆಗ ಸೋವಿಯತ್ ಕೈಯಲ್ಲಿತ್ತು, ಹಾಗಾಗಿ ಇಷ್ಟಾದರೂ ಸೋವಿಯತ್ ಅನುಮತಿ, ರೈಲು ಟಿಕೆಟ್ ಬಾಕಿ. ಜನರ ಕೈಯಲ್ಲಿ ಡಾಲರ್ ಇದ್ದರೆ ಅಲ್ಲಿ ಅಪರಾಧ. ಅದೇ ಸರ್ಕಾರದ ಇನ್‌ಟೂರಿಸ್ಟ್ ಸಂಸ್ಥೆ ಟಿಕೆಟ್ಟಿಗೆ ಡಾಲರನ್ನೇ ಕೇಳುತ್ತಿತ್ತು. ನಿನ್ನ ಹುಡುಗ ಆ ಕೌಂಟರ್ ಮುಂದೆ ನೋಟು ಹೊರತೆಗೆಯಲೋ ಬೇಡವೋ ಎಂದು ನಿಂತಿದ್ದಾನಲ್ಲ, ಅದನ್ನು ಬರೆ. ನಾಯಿಗಳನ್ನು ಬಿಡು.

ವ್ಲಾಡಿವಾಸ್ಟಾಕ್, ಜಪಾನಿನ ತ್ಸುರುಗಾ ಬಂದರು, ಕೋಬೆ ಇವನ್ನು ಬೇಗ ದಾಟಿಸಿದ್ದೀಯ, ಸರಿಯೇ. ಆದರೆ ಶಾಂಘೈಗೆ ಒಂದೂವರೆ ಪುಟವೇ? ಊರನ್ನು ಹಿಡಿದಿದ್ದ ಜಪಾನಿ ಸೇನೆ 1943ರ ಫೆಬ್ರುವರಿಯಲ್ಲಿ ಆಜ್ಞೆ ಹೊರಡಿಸಿತು: 1937ರ ನಂತರ ಬಂದ, ಯಾವ ದೇಶಕ್ಕೂ ಸೇರದ ನಿರಾಶ್ರಿತರೆಲ್ಲ ಹಾಂಗ್‌ಕ್ಯೂ ಪ್ರದೇಶಕ್ಕೇ ಹೋಗಬೇಕು. ಒಂದು ಚದರ ಮೈಲಿಯಷ್ಟು ಜಾಗ. ಹೊರಗೆ ಕೆಲಸಕ್ಕೆ ಹೋಗಲು ಪಾಸು ಬೇಕು. ಅದನ್ನು ಕೊಡುತ್ತಿದ್ದ ಘೋಯಾ ಎಂಬ ಅಧಿಕಾರಿ ತಾನೇ ಯಹೂದಿಗಳ ರಾಜ ಎಂದು ಮೆರೆಯುತ್ತಿದ್ದ, ಮನಸ್ಸು ಬಂದಾಗ ಕೈ ಮಾಡುತ್ತಿದ್ದ. ಅಂದರೆ ಅರ್ಧ ಭೂಮಿ ದಾಟಿ ಬಂದವನು ಮತ್ತೆ ಸಾಲಿನಲ್ಲೇ ನಿಂತ. ನಿನ್ನ ಕಾದಂಬರಿ ಇರುವುದು ಇಲ್ಲಿ.

ಇನ್ನೊಂದು ತಕರಾರು ಇದೆ, ಬೇಜಾರು ಮಾಡಿಕೊಳ್ಳಬೇಡ. ನಿನ್ನ ಚೀನೀಯರಲ್ಲಿ ಒಬ್ಬರಿಗೂ ಹೆಸರಿಲ್ಲ, ಬರೀ ರಿಕ್ಷಾ ಎಳೆಯುತ್ತಾರೆ. ಅದೇ ಓಣಿಗಳಲ್ಲಿ, ಅದೇ ಸೇನೆಯ ಅಡಿಯಲ್ಲಿ, ಇವರಿಗಿಂತ ಬಡವರಾಗಿ ಬದುಕಿದವರು ಅವರು. ನಿರಾಶ್ರಿತರು ಕುದಿಸಿದ ನೀರನ್ನು ದುಡ್ಡು ಕೊಟ್ಟು ಕೊಂಡು ತರುತ್ತಿದ್ದರು. ಆ ನೀರಿನ ಅಂಗಡಿಯವನಿಗೊಂದು ಹೆಸರಿಡು, ಹಿಂದೊಂದು ಸಂಸಾರ ಕೊಡು.

ಹುಡುಗ ಉಳಿದದ್ದಕ್ಕೆ ‘ದೈವಕೃಪೆ’ ಎಂದಿದ್ದೀಯ. ಹೊಡೆದು ಹಾಕು. ಕಾನ್ಸಲೇಟ್ ಬಾಗಿಲು ಮುಚ್ಚಿದಾಗ ಅವನ ಹಿಂದೆ ಸಾಲಿನಲ್ಲಿದ್ದವಳ ಗತಿ? 1941ರ ಜೂನ್‌ನಲ್ಲಿ ಜರ್ಮನ್ನರು ಬಂದರು. ಲಿಥುವೇನಿಯಾದ ಯಹೂದಿಗಳಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ ಕೊಲೆಯಾದರು. ಆ ಹುಡುಗಿಯ ಮುಖ ಅವನಿಗೆ ಶಾಂಘೈನಲ್ಲೂ ನೆನಪಿರಲಿ.

ಯುದ್ಧ ಮುಗಿದ ಮರುವಾರವೇ ಅವನನ್ನು ಅಮೆರಿಕದ ಹಡಗು ಹತ್ತಿಸಿದ್ದೀಯ. ಅದೂ ಸುಳ್ಳು. 1945ರ ನಂತರವೂ ಎಷ್ಟೋ ಜನ ಕೋಟಾ, ವೀಸಾ ಎಂದು ವರ್ಷಗಟ್ಟಲೆ ಕಾದರು. ಅದನ್ನು ತಿದ್ದಿ ಕಳಿಸು, ಉಳಿದದ್ದು ಆಮೇಲೆ ಮಾತಾಡೋಣ.

ಇಂತಿ ನಿನ್ನ
ಅಣ್ಣ