ಕೂ ಹಾಕಿದಾಗ ಓಡಿ ಬಂದವರಿಗೆ

ಮೊನ್ನೆ ಭಾನುವಾರ ಕೋಲು ಹಿಡಿಯದೆ ಮನೆ ಹಿಂದಿನ ಸೊಪ್ಪಿನ ಬೆಟ್ಟ ಹತ್ತಿ ಇಳಿದೆ. ನಾನು ಇಳಿದು ಬರುವವರೆಗೂ ದೊಡ್ಡಮ್ಮ ತೋಟದ ದಣಪೆ ಹಿಡಿದುಕೊಂಡು ನಿಂತಿದ್ದಳು. ಏನೂ ಮಾತಾಡಲಿಲ್ಲ. ನನ್ನ ಎಡಗಾಲನ್ನೇ ನೋಡಿದಳು, ಒಳಗೆ ಹೋಗಿ ದೇವರಿಗೆ ದೀಪ ಹಚ್ಚಿದಳು.

ಐದೂವರೆ ವರ್ಷದ ಅಂತರದಲ್ಲಿ ಎರಡು ಸಲ ಸಾವಿನ ಬಾಯಿಗೆ ಹೋಗಿ ಬಂದಿದ್ದೇನೆ. ಉಳಿಸಿದವರಲ್ಲಿ ಎಷ್ಟೋ ಜನಕ್ಕೆ ಇನ್ನೂ ಒಂದು ಮಾತು ಹೇಳಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲನೆಯದು 2019ರ ಜನವರಿ. ನಮ್ಮ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಮಂಗನ ಕಾಯಿಲೆ ಜೋರಾಗಿದ್ದ ವರ್ಷ. ಈ ಕಾಯಿಲೆ ಮೊದಲು ಗೊತ್ತಾಗಿದ್ದೇ ನಮ್ಮ ಜಿಲ್ಲೆಯಲ್ಲಿ. 1957ರಲ್ಲಿ, ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದಾಗ. ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ ಅಂತ ಆರೋಗ್ಯ ಇಲಾಖೆಯವರು ಬಾಟಲಿ ಕೊಟ್ಟು ಹೋಗಿದ್ದರು. ಕೊಟ್ಟಿಗೆಗೆ ದರಗು ತರೋಕೆ ಹೋದ ದಿನ ನಾನು ಹಚ್ಚಿಕೊಂಡಿರಲಿಲ್ಲ. ಈ ಕಾಯಿಲೆ ಹರಡುವ ಉಣುಗು, ಅಂದರೆ ಉಣ್ಣೆ, ಎಳ್ಳಿಗಿಂತ ಚಿಕ್ಕದು. ಯಾವಾಗ ಕಚ್ಚಿತೋ ಗೊತ್ತಾಗಲಿಲ್ಲ.

ವಾರದೊಳಗೆ ಜ್ವರ ಬಂತು. ತಲೆ ಸಿಡಿಯುವ ಹಾಗೆ ನೋವು, ಮೈಕೈ ಎಲ್ಲ ಹೊಡೆದು ಹಾಕಿದ ಹಾಗೆ. ಆದರೆ ನಾನು ದೊಡ್ಡಮ್ಮನಿಗೆ ಹೇಳಲಿಲ್ಲ. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳು. ದೊಡ್ಡಪ್ಪನೂ ತೀರಿಕೊಂಡ ಮೇಲೆ ನಾವಿಬ್ಬರೇ. ಸುಮ್ನೆ ಯಾಕೆ ಹೆದರಿಸೋದು ಅಂತ ಮೂರು ದಿನ ಬಚ್ಚಿಟ್ಟೆ. ನಾನೊಬ್ಬನೇ ಹೋಗಿ ತೋರಿಸಿದ ಕಡೆ ಮಾಮೂಲಿ ಜ್ವರ ಅಂತ ಮಾತ್ರೆ ಕೊಟ್ಟು ಕಳಿಸಿದರು. ನಾಲ್ಕನೇ ದಿನ ಮನೆಮನೆಗೆ ಬರುತ್ತಿದ್ದ ಆಶಾ ಕಾರ್ಯಕರ್ತೆ ಅಂಗಳದಲ್ಲೇ ನಿಂತು ನನ್ನ ಮುಖ ನೋಡಿದರು. "ತಮ್ಮಾ, ಕಣ್ಣು ಯಾಕೆ ಇಷ್ಟು ಕೆಂಪಾಗಿದೆ? ಕಾಡಿಗೆ ಹೋಗಿದ್ಯಾ?" ಅಂದರು. ಅವತ್ತೇ ರಕ್ತ ತೆಗೆಸಿ ಶಿವಮೊಗ್ಗದ ಲ್ಯಾಬಿಗೆ ಕಳಿಸಿದರು. ವರದಿ ಬರುವ ಮುಂಚೆಯೇ ಜೀಪ್ ಹಿಡಿದು ನನ್ನನ್ನು ಆಸ್ಪತ್ರೆಗೆ ಹೊರಡಿಸಿದರು. ಅಕ್ಕಾ, ನೀವು ಆವತ್ತು ನಮ್ಮ ಮನೆ ಬಿಟ್ಟು ಮುಂದಿನ ಮನೆಗೆ ಹೋಗಿದ್ದರೆ ನಾನು ಇರುತ್ತಿರಲಿಲ್ಲ.

ಮಂಗನ ಕಾಯಿಲೆಗೆ ಇಂಥದ್ದೇ ಅನ್ನುವ ಔಷಧಿ ಇಲ್ಲ. ಡ್ರಿಪ್ ಹಾಕಬೇಕು, ಪ್ಲೇಟ್‌ಲೆಟ್ ನೋಡುತ್ತಿರಬೇಕು, ರಕ್ತಸ್ರಾವ ಆಗದ ಹಾಗೆ ಕಾಯಬೇಕು. ಕಾಯುವುದೇ ಚಿಕಿತ್ಸೆ. ಮಣಿಪಾಲದ ವಾರ್ಡಿನಲ್ಲಿ ನನ್ನ ಒಸಡಿನಿಂದ ರಕ್ತ ಬರುತ್ತಿದ್ದಾಗ ರಾತ್ರಿ ಪಾಳಿಯ ಸಿಸ್ಟರ್ ಒಬ್ಬರು ಗಂಟೆಗೊಮ್ಮೆ ಬಂದು ಒದ್ದೆ ಹತ್ತಿಯಿಂದ ಬಾಯಿ ಒರೆಸುತ್ತಿದ್ದರು. ಅವರ ಹೆಸರು ಕೇಳುವಷ್ಟು ಎಚ್ಚರ ನನಗೆ ಇರಲಿಲ್ಲ. ಜ್ವರ ಬಿಟ್ಟಿತು ಅನ್ನುವಷ್ಟರಲ್ಲಿ ಮತ್ತೆ ತಿರುಗಿ ಬಂತು. ಕೆಲವರಿಗೆ ಹಾಗಾಗುತ್ತದೆ. ಈ ಸಲ ಕೈ ನಡುಗೋಕೆ ಶುರುವಾಯಿತು, ಕಣ್ಣು ಮಂಜಾಯಿತು.

ಪಕ್ಕದ ಮಂಚದಲ್ಲಿ ತೀರ್ಥಹಳ್ಳಿ ಕಡೆಯವರು ಒಬ್ಬರಿದ್ದರು. ಅವರ ಮಗ, ಎಂಟೊಂಬತ್ತು ವರ್ಷದವನು, ಅಪ್ಪನನ್ನು ನೋಡಲು ಬರುತ್ತಿದ್ದ. ಅವನ ಹತ್ತಿರ ಹಳೇ ಸ್ಪೈಡರ್‌ಮ್ಯಾನ್ ಕಾಮಿಕ್ಸ್ ಇದ್ದ ಒಂದು ದಪ್ಪ ಪುಸ್ತಕ. ಅದು ಇಂಗ್ಲಿಷ್ ಆದ್ದರಿಂದ ಅವನಿಗೆ ಚಿತ್ರ ಮಾತ್ರ ಗೊತ್ತು, ಮಾತು ಗೊತ್ತಿಲ್ಲ. ನಾನು ಸ್ವಲ್ಪ ಸುಧಾರಿಸಿದ ಮೇಲೆ ಕಥೆ ಹೇಳಿ ಅಂತ ಕೂತ. ನನ್ನ ಕೈ ಪುಟ ತಿರುಗಿಸುವ ಹಾಗಿರಲಿಲ್ಲ. ಅವನು ತಿರುಗಿಸುತ್ತಿದ್ದ, ನಾನು ಕಣ್ಣು ಕಿರಿದು ಮಾಡಿಕೊಂಡು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಜೇಡ ಕಚ್ಚುವ ಚಿತ್ರ ಬಂದಾಗ ಹುಡುಗ ಕೇಳಿದ, "ಅಣ್ಣಾ, ಇವನಿಗೂ ಉಣುಗು ಕಚ್ಚಿದ್ದಾ?"

ಆ ಪ್ರಶ್ನೆ ನನ್ನನ್ನು ಬಿಡಲೇ ಇಲ್ಲ. ಉಣುಗು ಜೇಡದ ಬಳಗದ್ದೇ, ಅದಕ್ಕೂ ಎಂಟು ಕಾಲು. ಕಥೆಗಾರ ಸ್ಟಾನ್ ಲೀ, ಚಿತ್ರಕಾರ ಸ್ಟೀವ್ ಡಿಟ್ಕೊ ಇಬ್ಬರೂ 1962ರಲ್ಲಿ ಹುಟ್ಟಿಸಿದ ಈ ಸ್ಪೈಡರ್‌ಮ್ಯಾನ್ ಹುಡುಗನಿಗೂ ಅಪ್ಪ ಅಮ್ಮ ಇಲ್ಲ. ಸಾಕಿದ್ದು ಅಪ್ಪನ ಅಣ್ಣ ಬೆನ್ ಮತ್ತು ಅವನ ಹೆಂಡತಿ ಮೇ. ಇಂಗ್ಲಿಷಿನಲ್ಲಿ ಆಂಟಿ ಅಂತಾರೆ. ನಮ್ಮಲ್ಲಿ ಅವಳು ದೊಡ್ಡಮ್ಮನೇ ಅಲ್ವಾ? ಬೆನ್ ಸತ್ತ ಮೇಲೆ ಅವರೂ ಇಬ್ಬರೇ. ಪೆಟ್ಟು ತಿಂದು ಮನೆಗೆ ಬಂದರೂ ಅವನು ಅವಳಿಗೆ ಹೇಳುವುದಿಲ್ಲ. ಹೆದರುತ್ತಾಳೆ ಅಂತ ಬಚ್ಚಿಡುತ್ತಾನೆ. ಆ ಪುಟಗಳನ್ನು ಹುಡುಗನಿಗೆ ಹೇಳುವಾಗ ನನ್ನ ಗಂಟಲು ಕಟ್ಟಿತು. ವಾರ್ಡಿನ ಬಾಗಿಲ ಹೊರಗೆ ಬೆಂಚಿನ ಮೇಲೆ ದೊಡ್ಡಮ್ಮ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ಪುಸ್ತಕದ ಒಂದು ಕಥೆ 1966ರದ್ದು. ಮೇಗೆ ಸಾಯುವಷ್ಟು ಕಾಯಿಲೆ. ಔಷಧಿ ತರಲು ಹೋದ ಹುಡುಗ ದೊಡ್ಡ ಕಬ್ಬಿಣದ ಯಂತ್ರದ ಅಡಿ ಸಿಕ್ಕಿಕೊಂಡಿದ್ದಾನೆ. ಔಷಧಿಯ ಡಬ್ಬಿ ಕಣ್ಣೆದುರೇ ಇದೆ, ಕೈಗೆ ಸಿಗುವುದಿಲ್ಲ. ಮೇಲಿನಿಂದ ನೀರು ತೊಟ್ಟಿಕ್ಕುತ್ತಿದೆ. ಎತ್ತಲು ನೋಡುತ್ತಾನೆ, ಆಗುವುದಿಲ್ಲ. ಮತ್ತೆ ನೋಡುತ್ತಾನೆ. ಪುಟ ಕಳೆದ ಹಾಗೆ ಚಿತ್ರ ದೊಡ್ಡದಾಗುತ್ತ ಹೋಗುತ್ತದೆ, ಕೊನೆಗೆ ಇಡೀ ಪುಟ ತುಂಬ ಅವನು ಅದನ್ನು ಎತ್ತಿ ನಿಲ್ಲುತ್ತಾನೆ. ಹುಡುಗ ಅದನ್ನು ಮೂರು ಸಲ ಹೇಳಿಸಿದ. ಅವನ ಅಪ್ಪನಿಗೆ ಡಿಸ್ಚಾರ್ಜ್ ಆದ ದಿನ ಪುಸ್ತಕವನ್ನು ನನ್ನ ದಿಂಬಿನ ಪಕ್ಕ ಬಿಟ್ಟು ಹೋದ.

ಎರಡನೆಯದು 2024ರ ಜುಲೈ, ಪುನರ್ವಸು ಮಳೆ. ಬೆಳಗಿನ ಜಾವ ನಾಲ್ಕು ಗಂಟೆ ಇರಬಹುದು. ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ. ಕೊಟ್ಟಿಗೆಯ ಮಣ್ಣಿನ ಗೋಡೆ ಬಾಯಿ ಬಿಟ್ಟಿದ್ದು ನೋಡಿ ದನ ಬಿಚ್ಚಲು ಹೋದೆ. ಎರಡನ್ನು ಬಿಚ್ಚಿ ಹೊರಗೆ ಅಟ್ಟಿದೆ. ಮೂರನೆಯದರ ಹಗ್ಗಕ್ಕೆ ಕೈ ಹಾಕಿದಾಗ ಗೋಡೆ, ತೊಲೆ ಒಟ್ಟಿಗೆ ಬಂದವು. ಎಡಗಾಲು ತೊಡೆಯವರೆಗೆ ಅಡಿಯಲ್ಲಿ. ಅಂಗಳದ ನೀರು ಒಳಗೆ ನುಗ್ಗುತ್ತಿತ್ತು. ಮೊದಲು ಮೊಣಕೈ ಮುಟ್ಟಿತು, ಆಮೇಲೆ ಎದೆ.

ಆಗ ನೆನಪಾಗಿದ್ದು ಆ ಪುಟ. ನಿಜವಾಗಿ ಹೇಳುತ್ತೇನೆ, ಆ ಕತ್ತಲಲ್ಲಿ ಕೆಂಪು ನೀಲಿ ಬಣ್ಣ ಕಣ್ಣ ಮುಂದೆ ಬಂತು. ಎರಡೂ ಕೈಯಿಂದ ತೊಲೆ ನೂಕಿದೆ. ಮೂರು ಸಲ ನೂಕಿದೆ. ಕದಲಲಿಲ್ಲ. ಅವನಿಗೆ ಯಾರನ್ನೂ ಕರೆಯುವ ಹಾಗಿರಲಿಲ್ಲ. ನನಗೆ ಇತ್ತು. ಜ್ವರ ಬಂದಾಗ ಬಾಯಿ ಮುಚ್ಚಿಕೊಂಡಿದ್ದು ನೆನಪಾಗಿ, ಇದ್ದ ಉಸಿರನ್ನೆಲ್ಲ ಹಾಕಿ ಕೂ ಹಾಕಿದೆ.

ಮಳೆಯ ಸದ್ದಿನಲ್ಲಿ ದೊಡ್ಡಮ್ಮನಿಗೆ ಅದು ಹೇಗೆ ಕೇಳಿತೋ. ಕಂಬಳಿಕೊಪ್ಪೆ ಕೂಡ ಹಾಕಿಕೊಳ್ಳದೆ ದರೆ ಹತ್ತಿ ನಿಂತು ತಾನೂ ಕೂ ಹಾಕಿದಳು. ಕೆಳಗಿನ ಮನೆಯಿಂದ ಒಂದು ಕೂ ಬಂತು, ಹೊಳೆ ಆಚೆಯಿಂದ ಇನ್ನೊಂದು. ಆಮೇಲೆ ಟಾರ್ಚ್ ಬೆಳಕು. ಏಳು ಜನ ಬಂದಿರಿ. ಇಬ್ಬರು ಹಾರೆ ಮೀಟಿದಿರಿ, ಮೂವರು ತೊಲೆಗೆ ಹೆಗಲು ಕೊಟ್ಟಿರಿ, ಒಬ್ಬರು ನನ್ನ ತಲೆ ನೀರಿಗೆ ಇಳಿಯದ ಹಾಗೆ ತೊಡೆಯ ಮೇಲಿಟ್ಟುಕೊಂಡಿರಿ. ಮೂರನೇ ದನವನ್ನೂ ಯಾರೋ ಬಿಡಿಸಿದಿರಿ. ನಮ್ಮೊಂದಿಗೆ ಎರಡು ವರ್ಷದಿಂದ ಮಾತು ಬಿಟ್ಟಿದ್ದವರೂ ಆ ಏಳರಲ್ಲಿ ಇದ್ದಿರಿ. ರಸ್ತೆಗೆ ಮರ ಬಿದ್ದಿತ್ತು. ಅದನ್ನು ಕೊಯ್ದು ಜೀಪಿಗೆ ದಾರಿ ಮಾಡಿದಿರಿ. ಸಾಗರದಿಂದ ಶಿವಮೊಗ್ಗಕ್ಕೆ ಸುಮಾರು 70 ಕಿಲೋಮೀಟರ್, ಅಷ್ಟು ದೂರವೂ ಆಂಬುಲೆನ್ಸ್ ಡ್ರೈವರ್ "ಅಣ್ಣ, ನಿದ್ದೆ ಮಾಡಬೇಡಿ, ಮಾತಾಡ್ತಾ ಇರಿ" ಅಂತ ಹೇಳುತ್ತಲೇ ಇದ್ದರು. ನಾನು ಅವರಿಗೆ ಸ್ಪೈಡರ್‌ಮ್ಯಾನ್ ಕಥೆ ಹೇಳಿದೆನಂತೆ. ನನಗೆ ನೆನಪಿಲ್ಲ. ರಕ್ತ ಕೊಟ್ಟವರು ಯಾರೋ ಅದೂ ಗೊತ್ತಿಲ್ಲ. ನಿಮ್ಮೆಲ್ಲರಿಗೂ ಕೈ ಮುಗಿಯುತ್ತೇನೆ.

ತೀರ್ಥಹಳ್ಳಿಯ ಹುಡುಗನಿಗೆ ಈಗ ಹೈಸ್ಕೂಲು ಮುಗಿಯುತ್ತಿರಬೇಕು. ತಮ್ಮಾ, ನಿನ್ನ ಪುಸ್ತಕ ಭದ್ರವಾಗಿದೆ. ದೊಡ್ಡಮ್ಮ ಅದಕ್ಕೆ ಕ್ಯಾಲೆಂಡರ್ ಹಾಳೆಯ ರಟ್ಟು ಹಾಕಿದ್ದಾಳೆ. ನಿನ್ನ ಅಪ್ಪ ಚೆನ್ನಾಗಿದ್ದಾರೆ ಅಂದುಕೊಂಡಿದ್ದೇನೆ.

ಭಾನುವಾರ ರಾತ್ರಿ ದೊಡ್ಡಮ್ಮ ಆ ಯಂತ್ರದ ಕಥೆ ಇನ್ನೊಂದು ಸಲ ಹೇಳು ಅಂದಳು. ಹೇಳಿದೆ. ಔಷಧಿ ಮುಟ್ಟಿತು, ಮೇ ಬದುಕಿದಳು ಅಂತ ಮುಗಿಸಿದೆ.

"ಇಷ್ಟೆಲ್ಲ ಆಯ್ತು ಅಂತ ಅವಳ ಹತ್ರ ಹೇಳಿದ್ನಾ ಅವನು?"

"ಈ ಕಥೆಯಲ್ಲಿ ಹೇಳಲ್ಲ ದೊಡ್ಡಮ್ಮ."

"ಪಾಪ," ಅಂದಳು. ಆಮೇಲೆ ನನ್ನ ಲೋಟಕ್ಕೆ ಇನ್ನಷ್ಟು ಕಷಾಯ ಬಗ್ಗಿಸಿ, "ಕಾಲು ನೋಯ್ತಾ ಇದ್ಯಾ?" ಅಂತ ಕೇಳಿದಳು.

"ಸ್ವಲ್ಪ ನೋಯ್ತಾ ಇದೆ" ಅಂದೆ.