ಒಂಬತ್ತನೇ ತರಗತಿಯ ಪೋಷಕರಿಗೆ ಒಂದು ಪತ್ರ

ಪ್ರೀತಿಯ ಪೋಷಕರೆ,

ನಮಸ್ಕಾರ. ಕಳೆದ ವಾರ ನಿಮ್ಮಲ್ಲಿ ಕೆಲವರು ಸೇರಿ ಮನವಿ ಕೊಟ್ಟಿದ್ದೀರಿ. ಒಂದು ಮಗುವಿಗೆ ಮಾತ್ರ ಅರ್ಧ ದಿನದ ಶಾಲೆ, ಬೇರೆ ಕೋಣೆಯಲ್ಲಿ ಟೆಸ್ಟ್ ಯಾಕೆ ಎಂಬುದು ನಿಮ್ಮ ಪ್ರಶ್ನೆ. ನೇರವಾಗಿ ಕೇಳಿದ್ದು ಒಳ್ಳೆಯದೇ ಆಯಿತು. ಆ ಮಗುವಿನ ಮನೆಯವರನ್ನು ಕೇಳಿ, ಅವರು ಒಪ್ಪಿದಷ್ಟನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಶಿರಸಿಗೆ ಬರುವ ಬೆಳಗಿನ ಬಸ್ಸಿನಲ್ಲಿ ಆ ಮಗುವಿಗೆ ಕಾಟ ಶುರುವಾದದ್ದು. ಅಡ್ಡಹೆಸರು ಹಿಡಿದು ಕರೆಯುವುದು, ಬ್ಯಾಗನ್ನು ಹಿಂದಿನ ಸೀಟಿಗೆ ದಾಟಿಸುವುದು, ಮಾತಿನ ರಾಗವನ್ನು ಅಣಕಿಸುವುದು. ಕೊನೆಗೆ ಅಳುವಾಗ ತೆಗೆದ ವಿಡಿಯೊ ಫೋನಿಂದ ಫೋನಿಗೆ ಹೋಯಿತು. ಅಂದಿನಿಂದ ಮಗು ಶಾಲೆಗೆ ಬರಲಿಲ್ಲ. ಬೆಳಿಗ್ಗೆ ಎದ್ದು ಸಮವಸ್ತ್ರ ಹಾಕಿ, ಬೂಟಿನ ಲೇಸು ಕಟ್ಟಿಕೊಂಡು ಹೊರಡುತ್ತಿತ್ತು. ಅಂಗಳದಾಚೆಯ ದಣಪೆ ದಾಟುವಷ್ಟರಲ್ಲಿ ವಾಂತಿ. ಹೊಟ್ಟೆಯ ತೊಂದರೆ ಎಂದುಕೊಂಡು ಮನೆಯವರು ಕಷಾಯ ಕೊಟ್ಟರು, ಡಾಕ್ಟರಿಗೆ ತೋರಿಸಿದರು. ನಿದ್ದೆಯೂ ಬಿಟ್ಟಾಗ ಮನೋವೈದ್ಯರ ಹತ್ತಿರ ಹೋದರು. ಒಮ್ಮೆಲೇ ಪೂರ್ತಿ ದಿನ ಬೇಡ, ನಿಧಾನವಾಗಿ ಹೆಚ್ಚಿಸಿ ಎಂದು ಬರೆದುಕೊಟ್ಟವರು ಅವರೇ.

ಇದು ವಶೀಲಿ ಅಲ್ಲ. ಅಂಕ ಸುಮ್ನೆ ಕೊಡುತ್ತಿಲ್ಲ. ಪ್ರಶ್ನೆಪತ್ರಿಕೆಯೂ ನಿಮ್ಮ ಮಕ್ಕಳಿಗೆ ಕೊಡುವ ಅದೇ ಪತ್ರಿಕೆ. ಎಸ್‌ಎಸ್‌ಎಲ್‌ಸಿಗೆ ಬೇಕಾದ ಶೇ 75 ಹಾಜರಾತಿಯ ನಿಯಮ ಎಲ್ಲರಿಗೂ ಇದ್ದ ಹಾಗೆ ಆ ಮಗುವಿಗೂ ಇದೆ. ಅದಕ್ಕೇ ಈ ವರ್ಷವೇ ಶಾಲೆಯ ಅಭ್ಯಾಸ ಮರಳಿ ಬರಲಿ ಎಂದು ನಮ್ಮ ಒದ್ದಾಟ. ಮಂಗನ ಕಾಯಿಲೆಯಲ್ಲಿ ಮಲಗಿ ಎದ್ದು ಬಂದ ಮಗುವನ್ನು ಕವಾಯತಿಗೆ ನಿಲ್ಲಿಸಿ ಎಂದು ನಿಮ್ಮಲ್ಲಿ ಯಾರೂ ಹೇಳುವವರಲ್ಲ. ಇದೂ ಕಾಯಿಲೆಯೇ.

ಇದನ್ನು ನೋಡಿ ಬೇರೆ ಮಕ್ಕಳೂ ನಾಟಕ ಶುರು ಮಾಡಬಹುದು ಎಂದು ಒಬ್ಬರು ಬರೆದಿದ್ದೀರಿ. ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ನಾಟಕ ಮಾಡುವ ಮಗು ಗಣಿತದ ಪೀರಿಯಡ್ ತಪ್ಪಿಸುತ್ತದೆ, ಆಟದ ಪೀರಿಯಡ್ ಅಲ್ಲ. ಈ ಮಗು ಗಣಿತಕ್ಕೆ ಬಂದು ಕೂರುತ್ತದೆ. ಎಲ್ಲರೂ ಮೈದಾನಕ್ಕೆ ಇಳಿಯುವ ಹೊತ್ತಿಗೆ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತು, "ಅಕ್ಕೋರೆ, ಇಲ್ಲೇ ಇರ್ಲಾ?" ಎಂದು ಕೇಳುತ್ತದೆ. ಆ ಕಾಟ ಕೊಟ್ಟವರು ಮೈದಾನದಲ್ಲೇ ಇರುತ್ತಾರಲ್ಲ. ಹಾಗಾಗಿ ಸ್ಪಷ್ಟವಾಗಿ ಹೇಳುತ್ತೇನೆ, ವೈದ್ಯರು ಸಾಕು ಎನ್ನುವವರೆಗೆ ಈ ವ್ಯವಸ್ಥೆ ಬದಲಾಗುವುದಿಲ್ಲ.

ಕಾಟ ಕೊಟ್ಟ ಮಕ್ಕಳಿಗೆ ಟಿಸಿ ಕೊಟ್ಟು ಕಳಿಸಿ ಎಂದವರೂ ಇದ್ದಾರೆ. ಕಳಿಸುವುದಿಲ್ಲ. ಅವರೂ ನಮ್ಮ ಮಕ್ಕಳೇ. ಅವರ ಅಪ್ಪ ಅಮ್ಮಂದಿರನ್ನು ಕರೆಸಿ ಮಾತಾಡಿದ್ದೇವೆ, ಇನ್ನೂ ಮಾತಾಡುತ್ತಿದ್ದೇವೆ. "ತಮಾಷೆಗೆ ಮಾಡಿದ್ದು, ಇಷ್ಟು ದೊಡ್ಡದು ಮಾಡಬೇಕಾ?" ಎಂದು ಒಬ್ಬರು ಕೇಳಿದರು. ಒಂದು ಮಗು ಊಟ ನಿದ್ದೆ ಬಿಟ್ಟಿರುವಾಗ ಅದನ್ನು ತಮಾಷೆ ಎಂದು ಬಿಡಲು ನನಗೆ ಆಗುವುದಿಲ್ಲ. ಬೆಳಗಿನ ಬಸ್ಸಿನಲ್ಲಿ ಈಗ ನಮ್ಮ ಶಿಕ್ಷಕರೊಬ್ಬರು ಮಕ್ಕಳ ಜೊತೆಗೇ ಬರುತ್ತಿದ್ದಾರೆ.

ನಿಮ್ಮಲ್ಲಿ ನನ್ನ ಕೋರಿಕೆ ಒಂದೇ: ಆ ವಿಡಿಯೊ ನಿಮ್ಮ ಮನೆಯ ಯಾವ ಫೋನಿನಲ್ಲಿದ್ದರೂ ಇವತ್ತೇ ಅಳಿಸಿ.

ನಿಮ್ಮ ಮಗುವೂ ಶಾಲೆ ಎಂದರೆ ಹೆದರುತ್ತಿದ್ದರೆ, ಸುಮ್ಮನಾಗಿದ್ದರೆ, ಬೈಯುವ ಮೊದಲು ಪಕ್ಕದಲ್ಲಿ ಕೂತು ಕೇಳಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ. ಮಕ್ಕಳು ತಾವೇ ಕರೆ ಮಾಡಲು ಮಕ್ಕಳ ಸಹಾಯವಾಣಿ 1098 ಇದೆ. ಎರಡೂ ನಂಬರು ಪ್ರತಿ ತರಗತಿಯ ಗೋಡೆಯ ಮೇಲೆ ಬರೆಸಿದ್ದೇವೆ.

ಇನ್ನೂ ಅಸಮಾಧಾನ ಇದ್ದರೆ ವಾಟ್ಸಾಪ್ ಗ್ರೂಪಿನಲ್ಲಿ ಹಾಕಬೇಡಿ. ಅದನ್ನು ಮಕ್ಕಳೂ ಓದುತ್ತಾರೆ. ಶನಿವಾರ ಶಾಲೆ ಬಿಟ್ಟ ಮೇಲೆ ನನ್ನ ಕೋಣೆಗೆ ಬನ್ನಿ, ಕೂತು ಮಾತಾಡೋಣ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ